ಶುಶ್ರೂಷೆ ಎಂಬ ಮಾತು

ಎರಡು ವರ್ಷಗಳ ಹಿಂದಿನ ಮಾತು. ಪದವಿ ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ‘ಗುರುಶುಶ್ರೂಷೆ’ ಎಂಬ ಸಮಾಸವೊಂದು ಎದುರಾಯಿತು. ಗುರುವಿನ ಸೇವೆ ಎಂದು ಅರ್ಥ ಹೇಳಿ ಮುಂದಕ್ಕೆ ಹೋಗಬಹುದಾಗಿತ್ತು. ಆದರೆ ವ್ಯಾಕರಣದ ಚಪಲ ಮೇಷ್ಟರುಗಳನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ‘ಶ್ರು’ ಎಂಬ ಧಾತುವಿಗೆ ಕೇಳು ಎಂದು ಅರ್ಥ. ಅದಕ್ಕೆ ಇಚ್ಛೆಯನ್ನು ಸೂಚಿಸುವ ಪ್ರತ್ಯಯ ಸೇರಿ, ಮೊದಲ ಅಕ್ಷರ ಇಮ್ಮಡಿಯಾಗಿ, ‘ಶುಶ್ರೂಷಾ’ ಎಂದಾಗುತ್ತದೆ. ತಿಳಿಯುವ ಇಚ್ಛೆ ಜಿಜ್ಞಾಸೆ, ಕುಡಿಯುವ ಇಚ್ಛೆ ಪಿಪಾಸೆ. ಹಾಗೆಯೇ ಕೇಳುವ ಇಚ್ಛೆ ಶುಶ್ರೂಷೆ. ಹಿರಿಯರ ಮಾತನ್ನು ಕೇಳಬೇಕೆಂದು ಅವರ ಬಳಿ ಕುಳಿತಿರುವುದು, ಅದರಿಂದ ವಿಧೇಯತೆ, ವಿಧೇಯತೆಯಿಂದ ಸೇವೆ, ಸೇವೆಯಿಂದ ರೋಗಿಯ ಆರೈಕೆ ಎಂದು ಆ ಮಾತು ನಡೆದು ಬಂದ ದಾರಿಯನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ನಾವು ಆಸ್ಪತ್ರೆಯಲ್ಲಿ ಕಾಣುವ ಶುಶ್ರೂಷಕಿಯೆಂದರೆ, ಮೂಲದಲ್ಲಿ, ಕೇಳಲು ಬಯಸುವವಳು ಎಂದು ಮುಗಿಸಿದೆ. ಗಂಟೆ ಹೊಡೆಯಿತು.

ಎಲ್ಲರೂ ಹೊರಟ ಮೇಲೆ ಒಬ್ಬ ವಿದ್ಯಾರ್ಥಿನಿ ಉಳಿದಳು. ಅವಳ ತಾಯಿ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸು. “ಅಮ್ಮ ರಾತ್ರಿ ಪಾಳಿ ಮುಗಿಸಿಕೊಂಡು ಬಂದರೆ ಏನೂ ಮಾತಾಡುವುದಿಲ್ಲ ಸಾರ್. ನಾವೂ ಕೇಳುವುದಿಲ್ಲ” ಎಂದಳು. ಅದು ದೂರೋ ಪ್ರಶ್ನೆಯೋ ತಿಳಿಯಲಿಲ್ಲ. ನನಗೆ ಉತ್ತರವಂತೂ ಹೊಳೆಯಲಿಲ್ಲ.

ಆ ಮಾತು ಮನಸ್ಸಿನಲ್ಲಿದ್ದ ದಿನಗಳಲ್ಲೇ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ‘ವೈಟ್ ಕೂಲೀಸ್’ ಎಂಬ ಪುಸ್ತಕ ಕೈಗೆ ಬಂದಿತು. ಬೆಟ್ಟಿ ಜೆಫ್ರಿ ಎಂಬ ಆಸ್ಟ್ರೇಲಿಯದ ಸೈನ್ಯದಾದಿ ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದಾಗ ಕದ್ದು ಬರೆದ ದಿನಚರಿಯನ್ನು ಆಧರಿಸಿ 1954ರಲ್ಲಿ ಪ್ರಕಟಿಸಿದ ಪುಸ್ತಕ ಅದು. ‘ಕೂಲಿ’ ಎಂಬುದು ನಮ್ಮ ನೆಲದ ಮಾತು. ನಮ್ಮಲ್ಲಿ ಅದಕ್ಕೆ ದುಡಿಮೆಯ ಪ್ರತಿಫಲವೆಂದು ಅರ್ಥ. ಹಡಗು ಹತ್ತಿ ಹೋದ ಮೇಲೆ ಅದು ದುಡಿಯುವ ಮನುಷ್ಯನ ಹೆಸರಾಯಿತು, ಅದೂ ಹಗುರವಾದ ಹೆಸರು. ಬಿಳಿಯರು ಕೂಲಿಗಳಂತೆ ದುಡಿಯಬೇಕಾಯಿತೆಂಬ ಬೆರಗು ಆ ಶೀರ್ಷಿಕೆಯಲ್ಲಿದೆ. ದಕ್ಷಿಣ ಭಾರತದ ಬಂದರುಗಳಿಂದ ಮಲಯದ ರಬ್ಬರು ತೋಟಗಳಿಗೆ ಹೋದ ಸಾವಿರಾರು ಕುಟುಂಬಗಳಿಗೆ ಅದರಲ್ಲಿ ಬೆರಗಿನ ಸಂಗತಿಯೇನೂ ಕಾಣುತ್ತಿರಲಿಲ್ಲ. ಈ ಆಕ್ಷೇಪಣೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಲು ತೊಡಗಿದೆ. ಐವತ್ತು ಪುಟ ಮುಗಿಯುವುದರೊಳಗೆ ಆಕ್ಷೇಪಣೆ ಮರೆತುಹೋಗಿತ್ತು. ಆಮೇಲೆ ಆ ದಾದಿಯರ ಬಗ್ಗೆ ಬೇರೆ ಬೇರೆ ಕಡೆ ಸಿಕ್ಕಿದ್ದನ್ನೆಲ್ಲ ಓದಿ ಟಿಪ್ಪಣಿ ಮಾಡಿಕೊಂಡೆ.

ಯುದ್ಧವನ್ನು ಹಾಡಿದ ಕವಿಗಳು ನಮ್ಮಲ್ಲಿ ಕಡಮೆಯಿಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆದು ಹೋಗುವ ಭಾಗವನ್ನು ನಾನು ಪ್ರತಿವರ್ಷ ಪಾಠ ಹೇಳುತ್ತೇನೆ, ಪ್ರತಿವರ್ಷವೂ ಗಂಟಲು ಕಟ್ಟುತ್ತದೆ. ಶರಶಯ್ಯೆಯ ಮೇಲಿದ್ದ ಭೀಷ್ಮರ ಬಳಿಗೆ ಬಾಣ ಕೀಳಬಲ್ಲ ವೈದ್ಯರು ಬಂದರೆಂದೂ ಭೀಷ್ಮರು ಅವರನ್ನು ಸತ್ಕರಿಸಿ ಹಿಂದಕ್ಕೆ ಕಳುಹಿಸಿದರೆಂದೂ ವ್ಯಾಸಭಾರತ ಹೇಳುತ್ತದೆ. ಯುದ್ಧ ಮುಗಿದ ಮೇಲೆ ಹೆಂಗಸರು ಬರುತ್ತಾರೆ, ಅಳುತ್ತಾರೆ. ಆದರೆ ಸತ್ತವರಿಗೂ ಬದುಕಿದವರಿಗೂ ನಡುವೆ, ಇನ್ನೂ ನರಳುತ್ತ ಬಿದ್ದವನ ತಲೆಯ ಬಳಿ ಕುಳಿತ ಹೆಂಗಸು ಇವುಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಆಕೆಯನ್ನು ನಾನು ಕಂಡದ್ದು ಜೆಫ್ರಿಯ ಪುಸ್ತಕದಲ್ಲಿ.

1941ರಲ್ಲಿ ಆಸ್ಟ್ರೇಲಿಯದ ಸೈನ್ಯದೊಂದಿಗೆ ಮಲಯಕ್ಕೆ ಬಂದ ದಾದಿಯರಿಗೆ ಮೊದಲ ತಿಂಗಳುಗಳು ಬಹುಮಟ್ಟಿಗೆ ಪ್ರವಾಸದಂತೆಯೇ ಕಳೆದವು. ಒಂದು ಆಸ್ಪತ್ರೆ ಮಲಾಕ್ಕಾದಲ್ಲಿ. ಇನ್ನೊಂದು ಮೊದಲು ಸಿಂಗಪುರದ ಒಂದು ಶಾಲೆಯ ಕಟ್ಟಡದಲ್ಲಿ, ಆಮೇಲೆ ಜೊಹೋರಿನಲ್ಲಿ. ಈ ಎರಡನೆಯ ಆಸ್ಪತ್ರೆಗೆ ಬಂದವರಲ್ಲಿ 25 ವರ್ಷದ ವಿವಿಯನ್ ಬುಲ್ವಿಂಕೆಲ್ ಎಂಬ ಎತ್ತರದ ನಿಲುವಿನ ತರುಣಿಯೂ ಒಬ್ಬಳು. ದಕ್ಷಿಣ ಆಸ್ಟ್ರೇಲಿಯದ ಕಪುಂಡ ಎಂಬ ಊರಿನಲ್ಲಿ ಹುಟ್ಟಿದವಳು. ಮೊದಲು ವಾಯುಪಡೆಯನ್ನು ಸೇರಲು ಹೋಗಿದ್ದಳು. ಅಂಗಾಲು ಚಪ್ಪಟೆಯಾಗಿದೆಯೆಂದು ಅಲ್ಲಿ ತಿರಸ್ಕರಿಸಿದರು. ಭೂಸೈನ್ಯ ಅವಳ ಪಾದವನ್ನು ಅಷ್ಟು ಸೂಕ್ಷ್ಮವಾಗಿ ನೋಡಲಿಲ್ಲ.

ಡಿಸೆಂಬರ್ 8ರಂದು ಜಪಾನೀ ಸೈನ್ಯ ಕೋಟ ಭಾರುವಿನಲ್ಲಿ ಇಳಿಯಿತು. ಎರಡು ತಿಂಗಳಲ್ಲಿ ಇಡೀ ಮಲಯ ಕೈಬಿಟ್ಟು, ಆಸ್ಪತ್ರೆಗಳೆಲ್ಲ ಹಿಂದೆ ಸರಿದು ಸಿಂಗಪುರ ದ್ವೀಪದೊಳಗೆ ಬಂದು ಬಿದ್ದವು. ಹಾಸಿಗೆಗಳು ತುಂಬಿ, ಗಾಯಾಳುಗಳನ್ನು ನೆಲದ ಮೇಲೂ ಹುಲ್ಲಿನ ಮೇಲೂ ಮಲಗಿಸಬೇಕಾಯಿತು. ಆಗ ದಾದಿಯರಿಗೆ ಹೊರಡಬೇಕೆಂಬ ಆಜ್ಞೆ ಬಂದಿತು. ರೋಗಿಗಳನ್ನು ಬಿಟ್ಟು ಹೋಗಲು ಅವರು ಒಪ್ಪಲಿಲ್ಲ. ಆದರೆ ಸೈನ್ಯದಲ್ಲಿ ಒಪ್ಪಿಗೆಯನ್ನು ಯಾರು ಕೇಳುತ್ತಾರೆ? ತಂಡತಂಡವಾಗಿ ಅವರನ್ನು ಹಡಗುಗಳಿಗೆ ಹತ್ತಿಸಿದರು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ತುಂಬಿಕೊಂಡಿದ್ದ ‘ಎಂಪೈರ್ ಸ್ಟಾರ್’ ಎಂಬ ಹಡಗಿನ ಮೇಲೆ ವಿಮಾನಗಳು ಎರಗಿದಾಗ ಮಾರ್ಗರೆಟ್ ಆಂಡರ್ಸನ್ ಮತ್ತು ವೆರಾ ಟಾರ್ನಿ ಎಂಬ ಇಬ್ಬರು ದಾದಿಯರು ಗಾಯಾಳುಗಳ ಮೇಲೆ ತಮ್ಮ ಮೈಯನ್ನೇ ಹೊದಿಸಿ ಮಲಗಿದರು. ಆ ಹಡಗು ಹೇಗೋ ದಡ ಸೇರಿತು.

ಕೊನೆಗೆ ಉಳಿದವರು 65 ಮಂದಿ. 1942ರ ಫೆಬ್ರವರಿ 12ರ ಸಂಜೆ, ಸಿಂಗಪುರ ಶರಣಾಗುವುದಕ್ಕೆ ಮೂರು ದಿನ ಮೊದಲು, ಅವರು ‘ವೈನರ್ ಬ್ರೂಕ್’ ಎಂಬ ಸಣ್ಣ ಹಡಗನ್ನು ಹತ್ತಿದರು. ಸರವಾಕಿನ ಬಿಳಿಯ ರಾಜನ ಹೆಸರನ್ನು ಹೊತ್ತಿದ್ದ, ಹತ್ತು ಹನ್ನೆರಡು ಪ್ರಯಾಣಿಕರಿಗೆಂದು ಕಟ್ಟಿದ್ದ ಹಡಗು ಅದು. ಅಂದು ಅದರಲ್ಲಿ ಹೆಂಗಸರು ಮಕ್ಕಳೂ ಸೇರಿ ಸುಮಾರು 200 ಜನ. ಆಲಿವ್ ಪಾಶ್ಕೆ, ಐರೀನ್ ಡ್ರಮಂಡ್ ಎಂಬ ಇಬ್ಬರು ಮೇಟ್ರನ್ನರು ತಮ್ಮ ದಾದಿಯರಿಗೆ ಕೆಲಸ ಹಂಚಿಕೊಟ್ಟರು. ಹಡಗು ಮುಳುಗುವ ಸಂದರ್ಭ ಬಂದರೆ ಯಾರು ಯಾವ ಭಾಗವನ್ನು ನೋಡಿಕೊಳ್ಳಬೇಕು, ಪ್ರಯಾಣಿಕರೆಲ್ಲ ಇಳಿದ ಮೇಲಷ್ಟೇ ತಾವು ಇಳಿಯಬೇಕು ಎಂಬುದು ಮೊದಲೇ ಗೊತ್ತಾಗಿತ್ತು. ವಾರ್ಡಿನಲ್ಲಿ ರಾತ್ರಿ ಪಾಳಿ ಹಂಚುವ ಹಾಗೆ ಸಾವಿನ ಪಾಳಿಯನ್ನೂ ಹಂಚಿಕೊಂಡಿದ್ದರು.

14ನೆಯ ತಾರೀಕು ಶನಿವಾರ ಮಧ್ಯಾಹ್ನ, ಸುಮಾತ್ರಾಕ್ಕೂ ಬಾಂಕಾ ದ್ವೀಪಕ್ಕೂ ನಡುವಣ ಜಲಸಂಧಿಯಲ್ಲಿ, ಬಾಂಬು ಬಿದ್ದು ಹಡಗು ಅರ್ಧ ಗಂಟೆಯೊಳಗೆ ಮುಳುಗಿತು. ಹನ್ನೆರಡು ಮಂದಿ ದಾದಿಯರು ಕಡಲಿನ ಪಾಲಾದರು. ಮೇಟ್ರನ್ ಪಾಶ್ಕೆ ಇದ್ದ ತೆಪ್ಪ ದಡದ ಹತ್ತಿರಕ್ಕೆ ಬಂದು, ಪ್ರವಾಹಕ್ಕೆ ಸಿಕ್ಕಿ, ಕತ್ತಲೆಯಲ್ಲಿ ಹೊರಗಡಲಿಗೆ ಹೋಯಿತು. ಮತ್ತೆ ಯಾರೂ ಅದನ್ನು ಕಾಣಲಿಲ್ಲ. ಬೆಟ್ಟಿ ಜೆಫ್ರಿಯೂ ಐಯೋಲ್ ಹಾರ್ಪರ್ ಎಂಬ ಇನ್ನೊಬ್ಬಳೂ ಆ ತೆಪ್ಪ ಹಗುರವಾಗಲೆಂದು ನೀರಿಗಿಳಿದು ಈಜುತ್ತಿದ್ದವರು. ಅದರಿಂದಲೇ ಬದುಕಿದರು. ಮೂರು ದಿನ ಮ್ಯಾಂಗ್ರೋವ್ ಜೌಗಿನ ಬೇರುಗಳ ನಡುವೆ ಈಜಿ, ಅಂಗೈಯ ಚರ್ಮವೆಲ್ಲ ಹರಿದು, ಕೊನೆಗೆ ಜಪಾನೀಯರ ಕೈಗೆ ಸಿಕ್ಕಿದರು.

ಇಪ್ಪತ್ತೆರಡು ಮಂದಿ ಬಾಂಕಾ ದ್ವೀಪದ ರಾಡ್ಜಿ ಎಂಬ ಕಡಲತೀರ ಮುಟ್ಟಿದರು. ಮೇಟ್ರನ್ ಡ್ರಮಂಡ್ ಅವರಲ್ಲಿ ಒಬ್ಬಳು. ಮಗುಚಿದ ದೋಣಿಯೊಂದರ ಪಕ್ಕವನ್ನು ಹಿಡಿದುಕೊಂಡು ಬಂದ ವಿವಿಯನ್ ಇನ್ನೊಬ್ಬಳು. ದಡದಲ್ಲಿ ಹಾಕಿದ್ದ ಬೆಂಕಿಯ ಗುರುತು ಹಿಡಿದು ರಾತ್ರಿಯೆಲ್ಲ ಜನ ಬರುತ್ತಲೇ ಇದ್ದರು. ಮುಳುಗಿದ ಇನ್ನೊಂದು ಹಡಗಿನ ಸೈನಿಕರೂ ಬಂದು ಸೇರಿದರು. ಗಾಯಗೊಂಡವರು, ಸುಟ್ಟವರು, ಹೆಂಗಸರು, ಮಕ್ಕಳು, ಆಹಾರವಿಲ್ಲ, ಔಷಧವಿಲ್ಲ. ಎರಡು ದಿನ ಕಳೆದ ಮೇಲೆ ಶರಣಾಗುವುದೇ ಸರಿಯೆಂದು ನಿರ್ಧರಿಸಿ, ಹಡಗಿನ ಅಧಿಕಾರಿಯೊಬ್ಬ ಜಪಾನೀಯರನ್ನು ಕರೆತರಲು ಮುಂಟೋಕ್ ಪಟ್ಟಣದ ಕಡೆಗೆ ನಡೆದ.

ಇಲ್ಲಿ ನಡೆದ ಒಂದು ಸಣ್ಣ ಸಂಗತಿಯ ಮೇಲೆ ಮುಂದಿನದೆಲ್ಲ ನಿಂತಿದೆ. ಮಕ್ಕಳು ಹಸಿದು ಅಳುತ್ತಿದ್ದುವು. ಹೆಂಗಸರೂ ಮಕ್ಕಳೂ ಕಾದು ಕುಳಿತಿರುವುದರ ಬದಲು ಆಗಲೇ ಪಟ್ಟಣದತ್ತ ನಡೆಯಲಿ ಎಂದು ಡ್ರಮಂಡ್ ಸೂಚಿಸಿದಳು. ಅವರು ಹೊರಟರು, ಬದುಕಿದರು. ದಾದಿಯರೂ ಹೆಂಗಸರೇ, ಅವರೊಡನೆ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಎದ್ದು ನಡೆಯಲಾರದ ಗಾಯಾಳುಗಳು ಸ್ಟ್ರೆಚರುಗಳ ಮೇಲಿದ್ದರು. ಆದ್ದರಿಂದ ದಾದಿಯರು ಉಳಿದರು. ಅವರಲ್ಲಿ ಚರ್ಚೆಯಾಗಲಿ, ಮತವೆಣಿಕೆಯಾಗಲಿ ನಡೆದ ಹಾಗೆ ಎಲ್ಲಿಯೂ ಓದಿದ ನೆನಪಿಲ್ಲ. ಮರಗಳ ನೆರಳಿನಲ್ಲಿ ಒಂದು ಚಪ್ಪರದಂತೆ ಮಾಡಿ, ಅದರ ಮೇಲೆ ದೊಡ್ಡದಾಗಿ ಕೆಂಪು ಶಿಲುಬೆಯ ಗುರುತು ಹಾಕಿ, ಕೆಲಸಕ್ಕೆ ತೊಡಗಿದರು.

ಅಧಿಕಾರಿ ಸುಮಾರು ಇಪ್ಪತ್ತು ಮಂದಿ ಜಪಾನೀ ಸೈನಿಕರೊಡನೆ ಹಿಂದಿರುಗಿದ. ಅವರು ನಡೆಯಬಲ್ಲ ಗಂಡಸರನ್ನು ಮೊದಲು ಬಂಡೆಗಳ ಆಚೆಗೆ ಕರೆದುಕೊಂಡು ಹೋದರು. ಗುಂಡಿನ ಸದ್ದು ಕೇಳಿಸಿತು. ಹಿಂದಿರುಗಿ ಬಂದ ಸೈನಿಕರು ದಾದಿಯರ ಎದುರಿಗೆ ಕುಳಿತು ಬಯೋನೆಟ್ಟುಗಳನ್ನು ಒರೆಸಿದರು. ಆಮೇಲೆ ಇಪ್ಪತ್ತೆರಡು ಮಂದಿ ದಾದಿಯರನ್ನೂ ಅವರೊಡನೆ ಉಳಿದಿದ್ದ ಒಬ್ಬ ಇಂಗ್ಲಿಷ್ ಹೆಂಗಸನ್ನೂ ಸಾಲಾಗಿ ಕಡಲಿಗೆ ಇಳಿಯುವಂತೆ ಸನ್ನೆ ಮಾಡಿದರು. ಅವರು ನಡೆದರು. ಯಾರೂ ಚೀರಲಿಲ್ಲ, ಓಡಲಿಲ್ಲ ಎಂದು ವಿವಿಯನ್ ಆಮೇಲೆ ಹೇಳಿದಳು. ಧೈರ್ಯ ತಂದುಕೊಳ್ಳಿರೆಂದೂ, ನಿಮ್ಮೆಲ್ಲರ ವಿಷಯದಲ್ಲಿ ನನಗೆ ಹೆಮ್ಮೆಯಿದೆಯೆಂದೂ ಮೇಟ್ರನ್ ಹೇಳಿದಳಂತೆ. ನೀರು ಸೊಂಟದವರೆಗೆ ಬಂದಾಗ ಹಿಂದಿನಿಂದ ಮೆಷಿನ್‌ಗನ್ ಹಾರಿತು. ಅನಂತರ ಸ್ಟ್ರೆಚರುಗಳ ಮೇಲಿದ್ದವರನ್ನೂ ತಿವಿದು ಕೊಂದರು. ಅಂದು 1942ರ ಫೆಬ್ರವರಿ 16. ಸಿಂಗಪುರ ಶರಣಾದ ಮರುದಿನ.

ವಿವಿಯನ್ನಳಿಗೆ ಗುಂಡು ಎಡಸೊಂಟದ ಮೇಲೆ ಒಳಹೊಕ್ಕು ಮುಂದಿನಿಂದ ಹೊರಬಿದ್ದಿತು. ಸತ್ತವಳಂತೆ ನೀರಿನಲ್ಲಿ ತೇಲಿ, ಅಲೆಗಳು ದಡಕ್ಕೆ ನೂಕಿದ ಮೇಲೆ ತೆವಳಿಕೊಂಡು ಕಾಡು ಸೇರಿದಳು. ಅಲ್ಲಿ ಎಷ್ಟು ಹೊತ್ತು ಪ್ರಜ್ಞೆಯಿಲ್ಲದೆ ಬಿದ್ದಿದ್ದಳೆಂಬುದು ಅವಳಿಗೇ ಸರಿಯಾಗಿ ತಿಳಿಯದು. ಎಚ್ಚರವಾದಾಗ ಬಾಯಾರಿತ್ತು. ಹತ್ತಿರದಲ್ಲೇ ಸಿಹಿನೀರಿನ ಒರತೆಯಿತ್ತು. ಅಲ್ಲಿಗೆ ಹೋದಾಗ ಒಂದು ಗಂಡುದನಿ ಅವಳನ್ನು ‘ನರ್ಸ್’ ಎಂದು ಕರೆದು, ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎಂದು ಕೇಳಿತು!

ಕಿಂಗ್ಸ್ಲಿ ಎಂಬ ಇಂಗ್ಲಿಷ್ ಸಿಪಾಯಿ ಅವನು. ಸ್ಟ್ರೆಚರಿನ ಮೇಲಿದ್ದವರಲ್ಲಿ ಒಬ್ಬ. ಬಯೋನೆಟ್ಟಿನ ತಿವಿತಕ್ಕೂ ಸಾಯದೆ ಉಳಿದಿದ್ದ. ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಇಪ್ಪತ್ತೊಂದು ಗೆಳತಿಯರು ಸತ್ತಿದ್ದಾರೆ, ಮೈಯಲ್ಲಿ ಗುಂಡು ತೂರಿಹೋಗಿದೆ, ಲೋಕವೇ ಮುಗಿದಂತಾಗಿದೆ. ಅಂಥ ಹೊತ್ತಿನಲ್ಲಿ ಕಿವಿಗೆ ಬಿದ್ದ ಮೊದಲ ಮನುಷ್ಯಧ್ವನಿ ಅವಳನ್ನು ಅವಳ ಕೆಲಸದ ಹೆಸರಿನಿಂದ ಕರೆಯಿತು, ತಡವಾಯಿತಲ್ಲ ಎಂದು ಆಕ್ಷೇಪಿಸಿತು. ಅವಳು ಆ ಕೆಲಸಕ್ಕೆ ತೊಡಗಿದಳು. ಸಿಕ್ಕಿದ್ದನ್ನೇ ಪಟ್ಟಿಮಾಡಿ ಅವನ ಗಾಯ ಕಟ್ಟಿದಳು, ತನ್ನದನ್ನೂ ಕಟ್ಟಿಕೊಂಡಳು. ಹತ್ತಿರದ ಹಳ್ಳಿಗೆ ಹೋಗಿ ಬೇಡಿದಳು. ಹಳ್ಳಿಯ ಗಂಡಸರು ಜಪಾನೀಯರ ಭಯದಿಂದ ಏನೂ ಕೊಡಲೊಲ್ಲದೆ ಕಳುಹಿಸಿದರು. ಅವಳು ತಿರುಗಿ ಹೊರಟಾಗ ಹೆಂಗಸರು ಕಾಡಿನ ಮರೆಯಲ್ಲಿ ಬಂದು ಅನ್ನ ಕೊಟ್ಟರು. ಹೀಗೆ ಹನ್ನೆರಡು ದಿನ. ಇನ್ನು ಶರಣಾಗದೆ ಗತಿಯಿಲ್ಲವೆಂದಾದಾಗ ಕಿಂಗ್ಸ್ಲಿ ಇನ್ನೊಂದು ದಿನ ತಡೆಯಲು ಬೇಡಿಕೊಂಡ: ಮರುದಿನ ಅವನ ಮೂವತ್ತೊಂಬತ್ತನೆಯ ಹುಟ್ಟುಹಬ್ಬ, ಅದನ್ನು ಸ್ವತಂತ್ರನಾಗಿ ಕಳೆಯಬೇಕೆಂಬ ಆಸೆ. ತಡೆದರು. ಶರಣಾದ ಕೆಲವು ದಿನಗಳಲ್ಲೇ ಅವನು ಸತ್ತ.

ಮುಂಟೋಕಿನಲ್ಲಿ ತವರದ ಗಣಿಯ ಆಳುಗಳಿಗೆಂದು ಕಟ್ಟಿದ್ದ ಸಾಲುಕೊಟ್ಟಡಿಗಳಲ್ಲಿ ಉಳಿದ 31 ಮಂದಿ ದಾದಿಯರು ಸೆರೆಯಲ್ಲಿದ್ದರು. ವಿವಿಯನ್ ಅಲ್ಲಿಗೆ ಬಂದಾಗ ಹೆಗಲಿಂದ ನೀರಿನ ಬಾಟಲಿಯೊಂದನ್ನು ಇಳಿಬಿಟ್ಟಿದ್ದಳು. ಬೂದುಬಣ್ಣದ ಸಮವಸ್ತ್ರದ ಮೇಲಿದ್ದ ಗುಂಡಿನ ತೂತನ್ನು ಆ ಬಾಟಲಿ ಮರೆಮಾಡಿತ್ತು. ಗೆಳತಿಯರು ಅವಳನ್ನು ಗುರುತಿಸಿ ಓಡಿಬಂದರು. ಉಳಿದವರೆಲ್ಲಿ ಎಂದು ಕೇಳಿದರು. ಅವಳು ಹೇಳಿದಳು. ಕೇಳಿದ ಕೂಡಲೆ ಅವರು ಒಂದು ತೀರ್ಮಾನಕ್ಕೆ ಬಂದರು: ಈ ಮಾತನ್ನು ಇನ್ನು ಯಾರೂ ಎತ್ತಕೂಡದು. ಆ ಕೊಲೆಗೆ ಸಾಕ್ಷಿಯೊಬ್ಬಳು ಉಳಿದಿದ್ದಾಳೆಂದು ಜಪಾನೀಯರಿಗೆ ತಿಳಿದರೆ ಅವಳೂ ಉಳಿಯುವುದಿಲ್ಲ, ಕೇಳಿದವರೂ ಉಳಿಯುವುದಿಲ್ಲ. ಮೂರೂವರೆ ವರ್ಷ ಆ 32 ಮಂದಿ ಆ ಮೌನವನ್ನು ಕಾಪಾಡಿಕೊಂಡರು. ನೂರಾರು ಹೆಂಗಸರು ಒಂದರ ಮೇಲೊಂದು ಬಿದ್ದುಕೊಂಡಿದ್ದ ಸೆರೆಮನೆಯಲ್ಲಿ, ಜ್ವರದ ಕನವರಿಕೆಯಲ್ಲೂ ಜಾರದಂತೆ ಒಂದು ಮಾತನ್ನು ಕಟ್ಟಿಡುವುದು ಸಾಮಾನ್ಯ ಸಾಧನೆಯಲ್ಲ.

ಸೆರೆಯ ವರ್ಷಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮುಂಟೋಕಿನಿಂದ ಸುಮಾತ್ರಾದ ಪಾಲೆಂಬಾಂಗಿಗೆ, ಅಲ್ಲಿಂದ ಮತ್ತೆ ಮುಂಟೋಕಿಗೆ, ಕೊನೆಗೆ 1945ರಲ್ಲಿ ಬೆಲಾಲಾವು ಎಂಬ ರಬ್ಬರು ತೋಟಕ್ಕೆ ಅವರನ್ನು ಸಾಗಿಸಿದರು. ಮೊದಲ ತಿಂಗಳುಗಳಲ್ಲಿ ಜಪಾನೀ ಅಧಿಕಾರಿಗಳು ತಮ್ಮ ‘ಕ್ಲಬ್ಬಿ’ಗೆ ಬರಬೇಕೆಂದು ದಾದಿಯರನ್ನು ಬಲವಂತ ಮಾಡಿದರು. ಕರೆದದ್ದು ಕೆಲವರನ್ನು, ಹೋದದ್ದು ಗುಂಪು ಗುಂಪಾಗಿ, ಮುಖಕ್ಕೆ ಮಣ್ಣು ಬಳಿದುಕೊಂಡು, ಕೂದಲು ಕೆದರಿಕೊಂಡು, ಆದಷ್ಟೂ ಕುರೂಪಿಗಳಾಗಿ. ಅಧಿಕಾರಿಗಳ ಉತ್ಸಾಹ ಇಳಿದುಹೋಯಿತು. ಆಮೇಲೆ ಬಂದದ್ದು ಹಸಿವು, ಮಲೇರಿಯ, ಅತಿಸಾರ, ಬೆರಿಬೆರಿ. ಸೌದೆ ಒಡೆಯುವುದು, ನೀರು ಹೊರುವುದು, ಗುಣಿ ತೋಡುವುದು ಎಲ್ಲ ಅವರದೇ ಕೆಲಸ. ಔಷಧವಿಲ್ಲದ ದಾದಿಗೆ ಉಳಿಯುವುದು ತೊಳೆಯುವುದು, ಒರೆಸುವುದು, ಪಕ್ಕದಲ್ಲಿ ಕುಳಿತಿರುವುದು. ಅದನ್ನು ಮಾಡಿದರು.

ಆದರೆ ಪಾಲೆಂಬಾಂಗಿನ ಸೆರೆಯ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಡಚ್ಚರು, ಇಂಗ್ಲಿಷರು, ಆಸ್ಟ್ರೇಲಿಯದವರು ಬೇರೆ ಬೇರೆ ಗುಂಪುಗಳಾಗಿದ್ದರು. ಭಾಷೆ ಒಂದಲ್ಲ, ಅಸಮಾಧಾನಗಳೂ ಒಂದೆರಡಲ್ಲ. ಮಾರ್ಗರೆಟ್ ಡ್ರೈಬರ್ಗ್ ಎಂಬ ಮಿಷನರಿ ಮಹಿಳೆ, ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಸಂಗೀತ ಕಲಿತಿದ್ದ ನೋರಾ ಚೇಂಬರ್ಸ್ ಎಂಬಾಕೆ, ಇಬ್ಬರೂ ಸೇರಿ ಯೂರೋಪಿನ ದೊಡ್ಡ ವಾದ್ಯಸಂಗೀತದ ಕೃತಿಗಳನ್ನು ನೆನಪಿನಿಂದಲೇ ಕಾಗದದ ಮೇಲೆ ಇಳಿಸಿ, ಹೆಂಗಸರ ಕಂಠಕ್ಕೆ ಹೊಂದಿಸಿದರು. ವಾದ್ಯಗಳಿರಲಿಲ್ಲ, ಕಂಠಗಳೇ ವಾದ್ಯ. ಸಾಹಿತ್ಯವಿಲ್ಲ, ಸ್ವರ ಮಾತ್ರ. ನಮ್ಮ ಆಲಾಪನೆಯನ್ನು ಬಲ್ಲವರಿಗೆ ಇದು ಹೊಸದೆನಿಸದು, ಆದರೆ ಪಾಶ್ಚಾತ್ಯ ವಾದ್ಯವೃಂದವನ್ನು ಬಾಯಿಂದ ಗುನುಗುವುದು ಅವರಿಗೂ ಹೊಸದಾಗಿತ್ತು. ಮಾತಿಲ್ಲದ್ದರಿಂದ ಯಾವ ಭಾಷೆಯವರೂ ಹೊರಗುಳಿಯಲಿಲ್ಲ. 1943ರ ಡಿಸೆಂಬರ್ 27ರಂದು ಮೊದಲ ಕಚೇರಿ. ದ್ವೊರ್ಷಾಕನ ‘ನ್ಯೂ ವರ್ಲ್ಡ್’ ಸಿಂಫನಿಯ ಲಾರ್ಗೊ ಭಾಗವನ್ನು ಗುನುಗುತ್ತಿದ್ದಾಗ, ಗುಂಪು ಸೇರಿದ್ದನ್ನು ತಡೆಯಲು ಕೂಗಾಡುತ್ತ ಬಂದ ಕಾವಲುಗಾರ ನಿಂತು ಕೊನೆಯವರೆಗೂ ಕೇಳಿದನಂತೆ. ಬೆಟ್ಟಿ ಜೆಫ್ರಿಯೂ ಆ ವೃಂದದಲ್ಲಿ ಹಾಡುತ್ತಿದ್ದಳು. ಒಂದೂವರೆ ವರ್ಷದೊಳಗೆ ಹಾಡುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತೀರಿಕೊಂಡು ಸಂಗೀತ ತಾನಾಗಿ ನಿಂತಿತು. 1945ರ ಏಪ್ರಿಲಿನಲ್ಲಿ ಡ್ರೈಬರ್ಗಳೂ ತೀರಿಕೊಂಡಳು.

ಸೆರೆಯಲ್ಲಿದ್ದ 32 ಮಂದಿ ದಾದಿಯರಲ್ಲಿ ಎಂಟು ಮಂದಿ ಸತ್ತರು. ಎಂಟೂ ಸಾವುಗಳು ಕೊನೆಯ ಏಳು ತಿಂಗಳಲ್ಲಿ ಆದವು. ಕೊನೆಯವಳಾದ ಪರ್ಲ್ ಮಿಟಲ್‌ಹ್ಯೂಸರ್ ಸತ್ತದ್ದು 1945ರ ಆಗಸ್ಟ್ 18ರಂದು. ಜಪಾನಿನ ಚಕ್ರವರ್ತಿ ಶರಣಾಗತಿಯನ್ನು ಸಾರಿ ಆಗಲೇ ಮೂರು ದಿನವಾಗಿತ್ತು. ಆ ಸುದ್ದಿ ರಬ್ಬರು ತೋಟದ ಸೆರೆಗೆ ಮುಟ್ಟಿದ್ದು 24ರಂದು. ಸೆಪ್ಟೆಂಬರ್ 16ರಂದು ಅವರನ್ನು ಕರೆದೊಯ್ಯಲು ವಿಮಾನ ಬಂದಾಗ, ಅಷ್ಟು ವರ್ಷವೂ ಜೋಪಾನವಾಗಿಟ್ಟಿದ್ದ ಹರಕು ಸಮವಸ್ತ್ರಗಳನ್ನೇ ತೊಟ್ಟು 24 ಮಂದಿ ನಿಂತಿದ್ದರು. ವಿಮಾನದಿಂದ ಇಳಿದ ಆಸ್ಟ್ರೇಲಿಯದ ಪ್ರಧಾನ ಮೇಟ್ರನ್ ಆನಿ ಸೇಜ್, ಉಳಿದವರೆಲ್ಲಿ ಎಂದು ಕೇಳಿದಳು. 1942ರಲ್ಲಿ ವಿವಿಯನ್ನಳನ್ನು ಕೇಳಿದ ಪ್ರಶ್ನೆಯೇ ಮತ್ತೆ ಬಂದಿತು. ಈ ಸಲ ಎಲ್ಲರೂ ಸೇರಿ ಉತ್ತರ ಹೇಳಬೇಕಾಯಿತು.

ಇಷ್ಟರಮಟ್ಟಿಗೆ ಕಥೆ ಸರಳ. 1946ರ ಡಿಸೆಂಬರಿನಲ್ಲಿ ಟೋಕಿಯೋದ ಯುದ್ಧಾಪರಾಧ ನ್ಯಾಯಮಂಡಲದ ಮುಂದೆ ವಿವಿಯನ್ ಸಾಕ್ಷ್ಯ ನುಡಿದಳು. ಮಂಡಲದ ಹನ್ನೊಂದು ನ್ಯಾಯಾಧೀಶರಲ್ಲಿ ನಮ್ಮ ರಾಧಾಬಿನೋದ್ ಪಾಲರೂ ಒಬ್ಬರು. ಆರೋಪಿಗಳೆಲ್ಲರೂ ನಿರ್ದೋಷಿಗಳೆಂದು 1948ರಲ್ಲಿ ಭಿನ್ನತೀರ್ಪು ಬರೆದ ಪಾಲರು ಕೂಡ, ಸೆರೆಯಾಳುಗಳ ಮೇಲೆ ಜಪಾನೀ ಸೈನಿಕರು ನಡೆಸಿದ ಕ್ರೌರ್ಯಗಳಿಗೆ ಸಾಕ್ಷ್ಯ ಹೇರಳವಾಗಿದೆಯೆಂದು ಒಪ್ಪಿಕೊಂಡರು. ಆದರೂ ರಾಡ್ಜಿ ತೀರದ ಕೊಲೆಗಾಗಿ ಯಾವ ನ್ಯಾಯಾಲಯವೂ ಯಾರನ್ನೂ ಶಿಕ್ಷಿಸಲಿಲ್ಲ.

ಅಂದು ವಿವಿಯನ್ ಎಲ್ಲವನ್ನೂ ಹೇಳಿದಳೆಂದು ಬಹುಕಾಲ ಎಲ್ಲರೂ ತಿಳಿದಿದ್ದರು. ಅವಳು 2000ದ ಜುಲೈ 3ರಂದು ತೀರಿಕೊಂಡ ಮೇಲೆ ಬೇರೆ ಮಾತುಗಳು ಹೊರಬಂದುವು. ಕಡಲಿಗೆ ನೂಕುವ ಮೊದಲು ಸೈನಿಕರು ದಾದಿಯರ ಮೇಲೆ ಅತ್ಯಾಚಾರ ಮಾಡಿದ್ದರೆಂದೂ, ಅದನ್ನು ಹೇಳಕೂಡದೆಂದು ಸರ್ಕಾರದ ಕಡೆಯವರೇ ಅವಳ ಬಾಯಿ ಕಟ್ಟಿದ್ದರೆಂದೂ ಲಿನೆಟ್ ಸಿಲ್ವರ್ ಎಂಬ ಇತಿಹಾಸಕಾರ್ತಿ 2019ರಲ್ಲಿ ಬರೆದರು. ವಿವಿಯನ್ ತನ್ನ ಕೊನೆಗಾಲದಲ್ಲಿ ಇದನ್ನು ತನಗೆ ತಿಳಿಸಿದ್ದಳೆಂದು ಟೆಸ್ ಲಾರೆನ್ಸ್ ಎಂಬ ಪತ್ರಕರ್ತೆ ಹೇಳಿದ್ದಾರೆ. ಬಾರ್ಬರಾ ಏಂಜೆಲ್ ಎಂಬ ಲೇಖಕಿ ಆ ಬೂದುಬಣ್ಣದ ಸಮವಸ್ತ್ರವನ್ನೇ ಪರೀಕ್ಷಿಸಿ, ಗುಂಡು ಹೊಕ್ಕ ತೂತಿಗೂ ಹೊರಬಿದ್ದ ತೂತಿಗೂ ಹೊಂದಿಕೆಯಾಗಬೇಕಾದರೆ ಗುಂಡು ತಗಲಿದಾಗ ಉಡುಪಿನ ಮುಂಭಾಗ ತೆರೆದಿರಬೇಕೆಂದೂ, ಬಟನ್ನುಗಳನ್ನು ಬೇರೆ ದಾರದಿಂದ ಮತ್ತೆ ಹೊಲಿದಿದೆಯೆಂದೂ ತೋರಿಸಿದರು. ಸತ್ತವರ ಮನೆಯವರಿಗೆ ನೋವಾದೀತೆಂಬ ದಾಕ್ಷಿಣ್ಯ ಆ ಅಧಿಕಾರಿಗಳಿಗಿದ್ದಿರಬಹುದು. ಆ ಕಾಲದ ಮರ್ಯಾದೆಯ ಕಲ್ಪನೆ ಅಂಥದು; ನಮ್ಮಲ್ಲಿಯೂ ಅದು ಮುಗಿದಿದೆಯೆಂದು ಎದೆಮುಟ್ಟಿ ಹೇಳಲಾರೆ. ಆದರೆ ನನ್ನ ಮನಸ್ಸು ಒಪ್ಪದಿರುವುದು ಒಂದಕ್ಕೆ. ಸೆರೆಯಲ್ಲಿ ಅವಳು ಕಾಪಾಡಿದ ಮೌನ ಗೆಳತಿಯರು ಬದುಕಲೆಂದು ಎಲ್ಲರೂ ಕೂಡಿ ಆರಿಸಿಕೊಂಡದ್ದು. ಬಿಡುಗಡೆಯಾದ ಮೇಲಿನ ಐವತ್ತೈದು ವರ್ಷಗಳ ಮೌನ ಹಾಗಲ್ಲ. ಶತ್ರುವಿನಿಂದ ಮುಚ್ಚಿಟ್ಟ ತೂತನ್ನು ತನ್ನವರಿಂದಲೂ ಮುಚ್ಚಿಡಬೇಕಾಗಿ ಬಂದ ಆ ಹೆಂಗಸು, ಆ ಭಾರವನ್ನು ಹೊತ್ತುಕೊಂಡೇ ಮೆಲ್ಬರ್ನಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಮೇಟ್ರನ್ ಆದಳು. ಬೆಟ್ಟಿ ಜೆಫ್ರಿಯೊಡನೆ ವಿಕ್ಟೋರಿಯದ ಊರೂರಿನ ಆಸ್ಪತ್ರೆಗಳನ್ನು ಸುತ್ತಿ ಹಣ ಕೂಡಿಸಿ, ಸತ್ತ ದಾದಿಯರ ನೆನಪಿಗೊಂದು ಕೇಂದ್ರ ಕಟ್ಟಿಸಿದಳು. ಅದು 1950ರಲ್ಲಿ ತೆರೆಯಿತು. 1975ರಲ್ಲಿ ವಿಯೆಟ್ನಾಮಿನ ಅನಾಥ ಮಕ್ಕಳನ್ನು ವಿಮಾನದಲ್ಲಿ ತರುವ ಕೆಲಸದಲ್ಲಿ ಅವಳೂ ಇದ್ದಳು.

ಆ ಸಮವಸ್ತ್ರ ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ಸಂಗ್ರಹದಲ್ಲಿದೆ. ಸ್ಮಾರಕದ ಅಂಗಳದಲ್ಲಿ 2023ರಲ್ಲಿ ಅವಳ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಅದರ ಬುಡದಲ್ಲಿ 22 ಉಕ್ಕಿನ ಬಿಲ್ಲೆಗಳು, 1942ರ ಫೆಬ್ರವರಿ 16ರ ಆಕಾಶದ ನಕ್ಷತ್ರಗಳಂತೆ ಹರಡಿವೆಯಂತೆ. ನಾನು ನೋಡಿದ್ದು ಚಿತ್ರದಲ್ಲಿ ಮಾತ್ರ.

ಜೆಫ್ರಿಯ ಪುಸ್ತಕವನ್ನೂ ನನ್ನ ಟಿಪ್ಪಣಿಗಳನ್ನೂ ಆ ವಿದ್ಯಾರ್ಥಿನಿಗೆ ಓದಲು ಕೊಟ್ಟೆ. ಮೂರು ವಾರಗಳ ಮೇಲೆ ಹಿಂದಕ್ಕೆ ತಂದಳು. ರಾತ್ರಿ ಊಟವಾದ ಮೇಲೆ ತಾಯಿಯ ಎದುರಿಗೆ ಕುಳಿತು, ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತ ಹೇಳುತ್ತ ಓದಿದಳಂತೆ. ತಾಯಿ ಬಟ್ಟೆ ಮಡಿಸುತ್ತಲೋ ಸೊಪ್ಪು ಬಿಡಿಸುತ್ತಲೋ ಸುಮ್ಮನೆ ಕೇಳುತ್ತಿದ್ದರಂತೆ. ಕಡಲತೀರದ ಭಾಗ ಬಂದಾಗ ಮಾತ್ರ ಮಗಳನ್ನು ತಡೆದು ಒಂದು ಪ್ರಶ್ನೆ ಹಾಕಿದರು.

“ಆ ಎರಡು ದಿನ ಗಾಯದವರಿಗೆ ಕುಡಿಯೋದಕ್ಕೆ ನೀರು ಎಲ್ಲಿತ್ತು ಅಂತ ಅಮ್ಮ ಕೇಳಿದರು ಸಾರ್. ನಿಮ್ಮ ಟಿಪ್ಪಣಿಯಲ್ಲಿ ಅದಿಲ್ಲ.”

ಇರಲಿಲ್ಲ, ನಿಜ. ತಾರೀಕುಗಳನ್ನೂ ಸಂಖ್ಯೆಗಳನ್ನೂ ಎಚ್ಚರದಿಂದ ಬರೆದುಕೊಂಡಿದ್ದ ನನಗೆ ಅದು ಬರೆಯತಕ್ಕ ಸಂಗತಿಯೆಂದು ತೋರಿರಲಿಲ್ಲ. ತೀರದ ಬಳಿಯೇ ಒರತೆಯೊಂದಿತ್ತೆಂದು ಹೇಳಿದೆ. ಅವಳ ಮುಖ ಗೆಲುವಾಯಿತು. ಅಮ್ಮನಿಗೆ ಹೇಳುತ್ತೇನೆ ಎಂದು ಹೋದಳು.

ಮರುದಿನ ತರಗತಿಗೆ ತಡವಾಗಿ ಬಂದಳು. ಒರತೆಯ ಸಂಗತಿ ಹೇಳಿದ ಮೇಲೆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೇಸಗೆಯ ರಾತ್ರಿ ವಾರ್ಡಿನಲ್ಲಿ ನಲ್ಲಿ ನಿಂತುಹೋದ ಕಥೆಯನ್ನು ಹೇಳಲು ತೊಡಗಿದರಂತೆ. ಅದು ಮುಗಿದಾಗ ಎರಡು ಗಂಟೆ ಹೊಡೆದಿತ್ತಂತೆ.